ಕರಡಿ ತಲೆ ಒಣಗಿದೆ

ನವೆಂಬರ್ 4, ಸೋಮವಾರ

ಇವತ್ತು ನನ್ನ ಬೆರಳು ತುಂಡಾಗಿ ಬಿತ್ತು. ಮೇಣದ ಬೆರಳು. ಆದರೆ ಉಗುರಿನ ಸಂದಿಯಲ್ಲಿ ಕೊಳೆ ಕೂಡ ಇಟ್ಟಿದ್ದೆ, ನನ್ನ ನಿಜವಾದ ಬೆರಳಿಗಿಂತ ಅದೇ ಹೆಚ್ಚು ನಿಜವಾಗಿತ್ತು.

ನಮ್ಮ ರಂಗಮಂದಿರಕ್ಕೆ ಹೊಸದಾಗಿ ಒಬ್ಬಾಕೆಯನ್ನು ತಂದಿದ್ದಾರೆ. ನಟರು, ಬಡಗಿಗಳು, ದೀಪದವರು, ಬಣ್ಣದವರು ಯಾರೂ ಕೆಲಸ ಮಾಡುತ್ತ ಕೈಕಾಲು ಮುರಿದುಕೊಳ್ಳದ ಹಾಗೆ, ಕಾಯಿಲೆ ಹಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವುದು ಆಕೆಯ ಕೆಲಸವಂತೆ. ಬಂದ ಗಳಿಗೆಯಿಂದ ಒಂದೇ ಪಲ್ಲವಿ: ಏಣಿ ಜೋಕೆ, ವೈರು ಜೋಕೆ, ಮೇಲೆ ನೋಡಿ ಜೋಕೆ. ನಾನು ಜೋಕೆಮ್ಮ ಎಂದು ಹೆಸರಿಟ್ಟೆ. ಸಂಜೆಯೊಳಗೆ ಬಾಗಿಲು ಕಾಯುವವನ ಬಾಯಲ್ಲೂ ಅದೇ. ಅವಳದು ಜೋಕೆ, ನನ್ನದು ಜೋಕು. ಎರಡಕ್ಕೂ ವ್ಯತ್ಯಾಸ ಒಂದು ಕೊಂಬು, ಆ ಕೊಂಬು ಇರುವುದು ನನ್ನ ಕಡೆ.

ವೇದಿಕೆಯ ಕೆಳಗೆ ನಾನು ಮುಖವಾಡ ಮಾಡುವ ಕೋಣೆಗೆ ಆಕೆ ಇಳಿದು ಬಂದಾಗ ನಾನು ಗರಗಸದ ಮುಂದೆ ಕೈಗೆ ಬಟ್ಟೆ ಸುತ್ತಿಕೊಂಡು ನರಳುತ್ತಿದ್ದೆ. ಬೆರಳು ನೆಲದ ಮೇಲಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿರುಚಿ ಓಡುತ್ತಿದ್ದರು. ಈಕೆ ಕೂಗಲಿಲ್ಲ. ಬಗ್ಗಿ, ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಗಿಲ ಕಡೆ ತಿರುಗಿ, “ಯಾರಾದ್ರೂ ಐಸ್ ತನ್ನಿ, ಗಾಡಿ ಹೊರಡಿಸಿ” ಎಂದಳು. ಆಮೇಲೆ ನನ್ನ ಭುಜ ಹಿಡಿದು, “ಕೂತ್ಕೊಳ್ಳಿ ಅಜ್ಜ, ಕೈ ಮೇಲೆತ್ತಿ. ಏನೂ ಆಗಲ್ಲ, ಹೊಲೀತಾರೆ” ಎಂದಳು.

ನಾನು ಬಟ್ಟೆ ಬಿಚ್ಚಿ ಎಲ್ಲ ಬೆರಳುಗಳನ್ನೂ ಆಡಿಸಿ ತೋರಿಸಿದೆ. ಬಾಗಿಲಲ್ಲಿ ನಿಂತಿದ್ದ ಬಡಗಿ ಬಿದ್ದು ಬಿದ್ದು ನಕ್ಕ. ಅವನಿಗೆ ನಾನಿಟ್ಟ ಹೆಸರು ಮೊಳೆ, ಯಾವಾಗಲೂ ಬಾಯಲ್ಲಿ ಮೊಳೆ ಕಚ್ಚಿಕೊಂಡಿರುತ್ತಾನೆ. ಜೋಕೆಮ್ಮ ನಗಲಿಲ್ಲ, ಬೈಯಲೂ ಇಲ್ಲ. ಮೇಣದ ಬೆರಳನ್ನು ಮೇಜಿನ ಮೇಲಿಟ್ಟು, “ಚೆನ್ನಾಗಿ ಮಾಡಿದೀರಿ” ಎಂದು ಹೋದಳು.

ಗೆದ್ದೆನೋ ಸೋತೆನೋ ಇನ್ನೂ ತಿಳಿದಿಲ್ಲ.

ನವೆಂಬರ್ 6, ಬುಧವಾರ

ಹೊಸ ನಾಟಕಕ್ಕೆ ಕರಡಿಯ ತಲೆ ಆಗಬೇಕು. ಕುರಿ ಕಾಯುವ ಹೆಣ್ಣೊಬ್ಬಳು ಅರ್ಧ ನಾಟಕ ಮುಗಿದ ಮೇಲೆ ಕರಡಿಯಾಗುತ್ತಾಳೆ. ಅಲ್ಲಿಂದ ಕೊನೆಯ ತನಕ ತಲೆ ಒಳಗೇ. ಆ ಹೆಣ್ಣಿನ ಪಾತ್ರ ನನ್ನ ಸೊಸೆಗೆ ಸಿಕ್ಕಿದೆ. ಇಷ್ಟು ವರ್ಷ ದಾಸಿ, ನೆರೆಮನೆಯವಳು, ಗುಂಪಿನಲ್ಲಿ ಅಳುವವಳು ಆಗಿದ್ದವಳಿಗೆ ಮೊದಲ ಸಲ ದೊಡ್ಡ ಪಾತ್ರ. ಮಗನಿಗೆ ನಾಟಕ ಎಂದರೆ ಆಕಳಿಕೆ. ಅವನ ಪಾಲಿನ ಹುಚ್ಚನ್ನೂ ಸೊಸೆಯೇ ಹೊತ್ತುಕೊಂಡು ಬಂದಿದ್ದಾಳೆ.

ಮೊದಲು ಕರಡು, ಆಮೇಲೆ ಕರಡಿ. ಚಿತ್ರ ಬರೆದು, ಜೇಡಿಯಲ್ಲಿ ತಿದ್ದಿ, ಅಚ್ಚು ತೆಗೆದು, ಇವತ್ತು ಅಚ್ಚಿನೊಳಗೆ ರೆಸಿನ್ ಸವರಿ ಫೈಬರ್ ಬಟ್ಟೆ ಹಾಸಿದೆ. ರೆಸಿನ್ ಎಂದರೆ ಅಂಟುಪಾಕ. ಗಟ್ಟಿಮಾಡುವ ದ್ರವ ಒಂದಿಷ್ಟು ಬೆರೆಸಿದರೆ ಕಲ್ಲಾಗುತ್ತದೆ. ಕಲ್ಲಾಗುವ ತನಕ ಅದರ ಘಾಟು ಮೂಗಿನ ಕೂದಲು ಸುಡುವಂಥದ್ದು. ಆ ಘಾಟು ಪೂರ್ತಿ ಹೋಗುವ ತನಕ ಒಳಗೆ ಯಾರ ತಲೆಯೂ ಹೋಗಬಾರದು. ಇದು ನನಗೆ ಕಲಿಸಿದವರ ನಿಯಮ. ಮುಟ್ಟಿ ನೋಡಿದರೆ ಬೆರಳಚ್ಚು ಬೀಳುತ್ತದೆ, ಅದಕ್ಕೇ ತಲೆಯೊಳಗೆ ಮೂಗು ತೂರಿಸಿ ಒಂದು ಉಸಿರು ಎಳೆಯಬೇಕು. ಈ ಮಂದಿರದಲ್ಲಿ ಮೂಗು ತೂರಿಸುವುದಕ್ಕೇ ಸಂಬಳ ಪಡೆಯುವವನು ನಾನೊಬ್ಬನೇ.

ಈ ಸಲದ ರೆಸಿನ್ ಸಾಧು. ಘಾಟೇ ಇಲ್ಲ. ಮೇಲಿನ ಗುಣಮಟ್ಟದ್ದು ತಂದಿರಬೇಕು.

ಮನೆಗೆ ಬಂದರೆ ಸೊಸೆ ಕಾಫಿ ಕೊಟ್ಟಳು. “ಇದೇನು ತಾಯಿ, ಕಾಫಿಪುಡಿಯ ಡಬ್ಬ ತೋರಿಸಿ ನೀರು ಕಾಯಿಸಿದೀಯಾ?” ಎಂದೆ.

“ಮಾವ, ನಿಮ್ಮ ಮಗ ಇದನ್ನೇ ಕುಡಿದು ಗಟ್ಟಿಯಾಯ್ತು ಅಂದ್ರು.”

“ಅವನ ನಾಲಗೆ ಅವನಮ್ಮನ ಕಡೆಯದು.”

ಅವಳು ನಕ್ಕಳು. ಸ್ವಲ್ಪ ಕಡಿಮೆ ನಕ್ಕಳು ಅನ್ನಿಸಿತು. ಹೊಸ ಪಾತ್ರದ ಚಿಂತೆ ಇರಬೇಕು.

ನವೆಂಬರ್ 9, ಶನಿವಾರ

ಮೊಳೆ ಬೆಳಿಗ್ಗೆ ನಾನು ಬರುವ ಮೊದಲೇ ನನ್ನ ಕೋಣೆಯಲ್ಲಿದ್ದ. ನನ್ನನ್ನು ಕಂಡು, “ಸುತ್ತಿಗೆ ಬಿಟ್ಟೋಗಿದ್ದೆ ಅಜ್ಜ” ಎಂದ. ಸುತ್ತಿಗೆ ಅವನ ಕೈಯಲ್ಲೇ ಇತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಏನೋ ಹೂಡಿದ್ದಾನೆ. ಹೋದ ತಿಂಗಳು ನಾನು ಅವನ ಊಟದ ಡಬ್ಬಿಗೆ ಮೇಣದ ಮೊಟ್ಟೆ ಇಟ್ಟಿದ್ದೆ. ಸೇಡು ಬಾಕಿ ಇದೆ. ಆದರೆ ನಮ್ಮಿಬ್ಬರ ನಡುವೆ ಒಂದು ಕಾನೂನು ಇದೆ: ಹುಡುಕಿದವನು ಸೋತ. ನಾನು ಹುಡುಕುವುದಿಲ್ಲ. ಸಿಕ್ಕಿದ ದಿನ ಸಿಗಲಿ.

ಕನ್ನಡಕದ ನಂಬರು ಹೆಚ್ಚಾಗಿದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ, ಕಣ್ಣಲ್ಲಿ ನೀರು.

ನವೆಂಬರ್ 12, ಮಂಗಳವಾರ

ಇವರಿಗೆಲ್ಲ ಏನಾಗಿದೆ? ವಸ್ತ್ರ ಹೊಲಿಯುವಾಕೆ ಕರಡಿಯ ಕತ್ತಿನ ಅಳತೆಗೆ ಬಂದವಳು ಬಾಗಿಲಲ್ಲೇ ನಿಂತು, ಸೆರಗು ಮೂಗಿಗೊತ್ತಿ, “ಅಳತೆ ಕೂಗಿ ಹೇಳ್ಬಿಡಿ ಅಜ್ಜ” ಎಂದಳು. ಮೊಳೆ ಇಣುಕಿ ಮೂಗು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾನೆ. ನಾನು ಗಂಭೀರವಾಗಿ ಕರಡಿಯ ಕಿವಿ ಉಜ್ಜುತ್ತಲೇ ಇದ್ದೆ.

“ಅಜ್ಜ, ಏನೂ ಅನ್ನಿಸ್ತಿಲ್ವಾ?”

“ಏನಯ್ಯಾ ಅನ್ನಿಸಬೇಕು?”

“ನಿಮ್ಮ ಪಾದ ಎಲ್ಲಿದೆ, ತೋರಿಸಿ. ಮುಟ್ಟಿ ನಮಸ್ಕಾರ ಮಾಡ್ತೀನಿ.”

ಇವರ ಉಪಾಯ ನನಗೆ ಅರ್ಥವಾಯಿತು. ಎಲ್ಲರೂ ಸೇರಿ ಮೂಗು ಮುಚ್ಚಿಕೊಳ್ಳುವ ನಾಟಕ ಆಡಿ, ನಾನು ಗಾಬರಿಯಾಗಿ ಕೋಣೆಯನ್ನೆಲ್ಲ ತಡಕಾಡುವಂತೆ ಮಾಡುವುದು. ಬಡನಟರು. ವೇದಿಕೆಯ ಕೆಳಗೆ ಕೆಲಸ ಮಾಡುವವರಿಗೆ ವೇದಿಕೆಯ ಗಾಳಿ ಸೋಕಿದೆ.

ಆದರೆ ಈಗ ಯಾರೂ ಒಳಗೆ ಬಂದು ಕೂರುವುದಿಲ್ಲ. ಮಾತೆಲ್ಲ ಹೊಸ್ತಿಲಾಚೆ. ಮಧ್ಯಾಹ್ನ ಒಬ್ಬನೇ ಉಂಡೆ. ಅಡುಗೆಯೂ ಸಪ್ಪೆ.

ನವೆಂಬರ್ 13, ಬುಧವಾರ

ಜೋಕೆಮ್ಮ ಬಂದಳು. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎನ್ನುತ್ತಾರೆ, ಇಲ್ಲಿ ಕರಡಿಪೂಜೆಯಲ್ಲಿ ಈಕೆ. ಒಳಗೆ ಕಾಲಿಟ್ಟವಳೇ ಮೂಗು ಮುರಿದಳು.

“ಅಜ್ಜ, ಇಲ್ಲೇನೋ ಸತ್ತಿದೆ.”

“ಕಲೆ ಸತ್ತಿದೆ ಕಣಮ್ಮ. ನಾವು ಹೆಣಕ್ಕೆ ಬಣ್ಣ ಬಳೀತಿದೀವಿ.”

ಅವಳು ಬಗ್ಗಿ ಮೇಜಿನಡಿ ನೋಡತೊಡಗಿದಳು. ಮೊಳೆ ಓಡಿ ಬಂದು ಹೊರಗೆ ಕರೆದು ಏನೋ ಪಿಸುಗುಟ್ಟಿದ. ತಲೆಯಾಡಿಸುತ್ತ ವಾಪಸ್ ಬಂದಳು. “ನಿಮ್ಮಿಬ್ಬರ ಆಟ ನಂಗೆ ಬೇಡ. ಈ ರೆಸಿನ್ ಘಾಟಿನ ಮಾತಾಡೋಣ. ಕಣ್ಣು ಉರೀತಿದೆ. ಎಕ್ಸಾಸ್ಟ್ ಫ್ಯಾನ್ ಯಾಕೆ ನಿಂತಿದೆ?”

ಮೇಲೆ ತಾಲೀಮು ನಡೆಯುವಾಗ ಫ್ಯಾನಿನ ಸದ್ದು ಕೇಳಿಸುತ್ತದೆ ಎಂದು ನಿರ್ದೇಶಕ ನಿಲ್ಲಿಸಲು ಹೇಳಿದ್ದಾನೆ. ಅವನ ಹೆಸರು ಇನ್ನೊಂದ್ಸಲ. ಯಾವ ದೃಶ್ಯ ಮುಗಿದರೂ ಅದೇ ಮಾತು. ಅವನು ಹೇಳಿದ್ದಕ್ಕೆ ಸುಮ್ಮನಿದ್ದೆ ಎಂದಲ್ಲ, ಫ್ಯಾನು ತಿರುಗಿದರೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ. ಆ ತೂತಿಗೆ ನಾನೇ ಹಳೆ ಟವೆಲ್ ತುರುಕಿದ್ದೇನೆ.

ಜೋಕೆಮ್ಮ ಒಂದು ಮುಖಗವಸು ಕೊಟ್ಟಳು, ಎರಡೂ ಕೆನ್ನೆಗೆ ಡಬ್ಬಿ ಕಟ್ಟಿದಂಥದ್ದು. ಘಾಟನ್ನು ಅದು ಹೀರಿಕೊಳ್ಳುತ್ತದಂತೆ.

“ಜಗತ್ತಿಗೆಲ್ಲ ಮುಖ ಮಾಡಿ ಕೊಡೋನಿಗೇ ಮುಖ ಕೊಡ್ತೀರಾ?” ಎಂದೆ.

“ಕೊಟ್ಟಿದೀನಿ. ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದಲ್ಲ, ಹಾಕಲೇಬೇಕು. ಮತ್ತೆ ಆ ತಲೆ, ಗಾಳಿ ಆಡೋ ಜಾಗದಲ್ಲಿ ಒಂದು ವಾರ ಇರ್ಲಿ. ಆಮೇಲೆ ಯಾರಾದ್ರೂ ಹಾಕ್ಕೊಳ್ಲಿ.”

“ವಾರ ಗೀರ ಎಲ್ಲ ಕ್ಯಾಲೆಂಡರ್ ಲೆಕ್ಕ. ನನ್ನದು ಮೂಗಿನ ಲೆಕ್ಕ.”

ಅವಳು ಹೋದ ಮೇಲೆ ಮುಖಗವಸನ್ನು ಕರಡಿಗೆ ತೊಡಿಸಿದೆ. ಚೆನ್ನಾಗಿ ಒಪ್ಪಿತು. ನಗುವುದಕ್ಕೆ ಯಾರೂ ಇರಲಿಲ್ಲ.

ನವೆಂಬರ್ 15, ಶುಕ್ರವಾರ

ಕರಡಿ ತಲೆ ಒಣಗಿದೆ. ಬೆಳಿಗ್ಗೆ ಒಳಗೆ ಮೂಗಿಟ್ಟು ನೀಳವಾಗಿ ಉಸಿರೆಳೆದೆ. ಶುದ್ಧ. ಬೆಟ್ಟದ ಗಾಳಿಯ ಹಾಗೆ. ಇಷ್ಟು ಬೇಗ ಒಣಗಿದ್ದು ನನ್ನ ಅನುಭವದಲ್ಲೇ ಇಲ್ಲ, ಅದೂ ಈ ಚಳಿಯಲ್ಲಿ. ಕೈಗುಣ ಎನ್ನಬೇಕು.

ತಡಮಾಡದೆ ಒಳಗೆ ಬ್ರಷ್ಷಿನಲ್ಲಿ ಅಂಟು ಬಳಿದು ಉಣ್ಣೆಬಟ್ಟೆಯ ಅಸ್ತರಿ ಕೂರಿಸಿದೆ. ಹೊರಗೆ ಕೂದಲು, ಕಣ್ಣು, ಹಲ್ಲು. ಸಂಜೆ ಸೊಸೆ ತೊಟ್ಟು ನೋಡಿದಳು. ಕನ್ನಡಿಯ ಮುಂದೆ ಆ ಕರಡಿ ನಿಧಾನವಾಗಿ ತಲೆ ಓರೆ ಮಾಡಿದಾಗ ನನ್ನ ಮೈ ಜುಮ್ಮೆಂದಿತು. ನಾನು ಮಾಡಿದ್ದು ತಲೆ, ಜೀವ ಅವಳದು.

ತಲೆ ತೆಗೆದು ಮುಖ ಒರೆಸಿಕೊಂಡಳು. “ಮಾವ, ವಾಸನೆ ಇನ್ನೂ ಸ್ವಲ್ಪ ಇದೆ ಅಲ್ವಾ?”

“ಇಲ್ಲ.”

“ನಂಗೆ ಮೂಗಿಗೆ ಹೊಡೆದ ಹಾಗಾಯ್ತು.”

“ಅದು ಅಸ್ತರಿಯ ಅಂಟು ಇರಬೇಕು. ರೆಸಿನ್ ಒಣಗಿದೆ ತಾಯಿ, ನಾನೇ ನೋಡಿದೀನಿ.”

“ಹಾಗಾದ್ರೆ ಸರಿ. ನಿಮ್ಮ ಮೂಗಿನ ಮುಂದೆ ನನ್ನದೇನು” ಎಂದು ಮತ್ತೆ ತೊಟ್ಟಳು.

ನವೆಂಬರ್ 18, ಸೋಮವಾರ

ಇವತ್ತಿನ ತಾಲೀಮು ನೋಡಲು ಮೇಲೆ ಹೋಗಿದ್ದೆ. ಕೊನೆಗೆ ಸೊಸೆ ತಲೆ ತೆಗೆದಾಗ ಎರಡೂ ಕಣ್ಣು ಕೆಂಡ, ಕೆನ್ನೆಯ ಮೇಲೆ ಧಾರೆ. ಇನ್ನೊಂದ್ಸಲ ಎದ್ದು ನಿಂತು ಚಪ್ಪಾಳೆ ತಟ್ಟಿದ. “ನೋಡಿ, ಮುಖ ಕಾಣದಿದ್ರೂ ಒಳಗೆ ಅಳ್ತಿದಾಳೆ. ಇದು ಕಣ್ರಯ್ಯ ಅಭಿನಯ” ಎಂದ. ಆಮೇಲೆ ಎಂದಿನಂತೆ, “ಇನ್ನೊಂದ್ಸಲ.”

ನನಗೂ ಕಣ್ಣು ತುಂಬಿತು. ಈಚೆಗೆ ಸುಮ್ಮನೆ ತುಂಬುತ್ತದೆ.

ಮನೆಗೆ ಬರುವಾಗ ದಾರಿಯಲ್ಲಿ ಅವಳು ಮಾತೇ ಆಡಲಿಲ್ಲ. ಗೇಟಿನ ಹತ್ತಿರ ನಿಂತು, “ಮಾವ, ನನ್ನ ಕೈಲಿ ಆಗ್ತಿಲ್ಲ ಅನ್ಸುತ್ತೆ. ಒಳಗೆ ಹೋದ್ರೆ ತಲೆ ತಿರುಗುತ್ತೆ, ಮಾತು ಮರೆತುಹೋಗುತ್ತೆ” ಎಂದಳು.

“ಹೆದರಿಕೆ ಕಣಮ್ಮ. ದೊಡ್ಡ ಪಾತ್ರ ಅಲ್ವಾ.”

“ಇನ್ನೊಬ್ಳು ಕಾಯ್ತಾ ಕೂತಿದಾಳೆ ಮಾವ. ನಾನು ಆಗಲ್ಲ ಅಂದ ಕ್ಷಣ ಕರಡೀನ ಅವಳ ತಲೆ ಮೇಲೆ ಇಡ್ತಾರೆ. ಯಾರ ಹತ್ರಾನೂ ಹೇಳ್ಬೇಡಿ.”

ಹೇಳುವುದಿಲ್ಲ ಎಂದೆ. ನಗಿಸಲು ಕರಡಿಯ ಹಾಗೆ ಗುರುಗುಟ್ಟಿದೆ. ನಗಲಿಲ್ಲ.

ನವೆಂಬರ್ 20, ಬುಧವಾರ

ಇವತ್ತು ಪೂರ್ಣ ವೇಷದ ತಾಲೀಮು. ಎತ್ತರದ ಅಟ್ಟಣೆಯ ಮೇಲೆ ಕರಡಿ ನಿಂತು ಕೆಳಗಿನ ಊರನ್ನು ನೋಡುವ ದೃಶ್ಯ. ಅವಳು ಎರಡು ಹೆಜ್ಜೆ ಮುಂದೆ ಬಂದಳು. ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು. ಅಲ್ಲಿ ಹಲಗೆ ಇರಲಿಲ್ಲ.

ಪಕ್ಕದಲ್ಲಿದ್ದ ನಟ ವೇಷದ ಬೆನ್ನು ಹಿಡಿದು ಹಿಂದಕ್ಕೆಳೆದ. ಇಬ್ಬರೂ ಅಟ್ಟಣೆಯ ಮೇಲೇ ಉರುಳಿದರು. ತಲೆ ಕಿತ್ತು ತೆಗೆದಾಗ ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕಕ್ಕೆ ತಿರುಗಿ ವಾಂತಿ ಮಾಡಿದಳು.

ಇನ್ನೊಂದ್ಸಲ ಇನ್ನೊಂದು ಸಲ ಎನ್ನಲಿಲ್ಲ. “ನಾಳೆ ಬೆಳಿಗ್ಗೆ ರೆಸ್ಟ್ ತಗೋ. ಶನಿವಾರ ಪ್ರದರ್ಶನ. ಆಗಲ್ಲ ಅಂದ್ರೆ ಈಗ್ಲೇ ಹೇಳು, ಬೇಜಾರಿಲ್ಲ” ಎಂದ. ಅವಳು, “ಆಗುತ್ತೆ ಸಾರ್” ಎಂದಳು.

ಜೋಕೆಮ್ಮ ಅಟ್ಟಣೆಯ ಅಂಚಿಗೆ ಬಿಳಿ ಪಟ್ಟಿ ಅಂಟಿಸಿ, ಅಡ್ಡ ಹಗ್ಗ ಕಟ್ಟಿಸುತ್ತಿದ್ದಳು. ನನ್ನನ್ನು ಕಂಡು, “ಆ ತಲೆ ಒಂದು ವಾರ ಗಾಳಿಗೆ ಇಟ್ಟಿದ್ರಾ ಅಜ್ಜ?” ಎಂದಳು. ಒಣಗಿದೆ ಎಂದೆ. “ನಾನು ಕೇಳಿದ್ದು ಅದಲ್ಲ” ಎಂದಳು.

ಬರೆಯಲು ಮನಸ್ಸಿಲ್ಲ.

ನವೆಂಬರ್ 21, ಗುರುವಾರ

ಬೆಳಿಗ್ಗೆ ಸೊಸೆ ಏಳಲಿಲ್ಲ. ಮಗ ಕೆಲಸಕ್ಕೆ ಹೋಗಿದ್ದ. ನಾನೇ ಹಾಲು ಕಾಯಿಸಿ ಕಾಫಿ ಮಾಡಿದೆ. ನಿಂತುಕೊಂಡು ನನ್ನ ಲೋಟ ಕುಡಿದೆ, ಎಂದಿನ ಬಿಸಿನೀರು, ಆದರೆ ನನ್ನ ಕೈಯ ಬಿಸಿನೀರು. ಅವಳಿಗೊಂದು ಲೋಟ ತೆಗೆದುಕೊಂಡು ಹೋದೆ. ಬಾಯಿಯ ಹತ್ತಿರ ಹಿಡಿದವಳು ಕುಡಿಯದೆ ನಿಲ್ಲಿಸಿದಳು, ನನ್ನ ಮುಖ ನೋಡಿದಳು. ಎಷ್ಟೋ ದಿನಗಳ ಮೇಲೆ ನಕ್ಕಳು.

“ಮಾವ, ಇವತ್ತೂ ಬಿಡಲ್ವಲ್ಲ ನೀವು. ಗೆದ್ರಿ, ಹೋಗಿ.”

ನಾನೂ ನಕ್ಕೆ. ಯಾಕೆ ನಗುತ್ತಿದ್ದೇನೆ ಎಂದು ಗೊತ್ತಿರಲಿಲ್ಲ, ಆದರೆ ಅವಳು ನಕ್ಕಳಲ್ಲ.

ಪಾತ್ರೆ ತೊಳೆಯಲು ಹೋದೆ. ಹಾಲಿನ ಪಾತ್ರೆಯ ತಳ ಇದ್ದಿಲ ಹಾಗೆ ಕಪ್ಪಗೆ ಹಿಡಿದಿತ್ತು. ಉಗುರಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಬಂತು. ಹಾಲು ಸೀದರೆ ನಾಲ್ಕು ಮನೆಯಾಚೆ ಗೊತ್ತಾಗುತ್ತದೆ. ನಾನು ಒಲೆಯ ಮುಂದೆಯೇ ನಿಂತಿದ್ದೆ. ಕುಡಿದೂ ಇದ್ದೆ.

ಪಾತ್ರೆಯನ್ನು ಮೂಗಿನ ಹತ್ತಿರ ತಂದೆ. ತಗಡು ತಣ್ಣಗಿತ್ತು, ಅಷ್ಟೆ. ಈರುಳ್ಳಿ ಹೆಚ್ಚಿದೆ. ಕಣ್ಣಲ್ಲಿ ನೀರು ಬಂತು, ಮೂಗಿಗೇನೂ ಬರಲಿಲ್ಲ. ಸಾಬೂನು. ಸೊಸೆಯ ಅಮೃತಾಂಜನ. ಕೊನೆಗೆ ಚಪ್ಪಲಿ ಕೂಡ.

ಮಧ್ಯಾಹ್ನ ಮಂದಿರದ ಕೋಣೆಗೆ ಹೋಗಿ, ಬಣ್ಣ ತೆಳು ಮಾಡುವ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದು ಮುಖ ಇಟ್ಟೆ. ಬಾವಿಯೊಳಗೆ ಬಗ್ಗಿ ನೋಡಿದ ಹಾಗಿತ್ತು. ತಳ ಇಲ್ಲ, ನೀರೂ ಇಲ್ಲ.

ಕರಡಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಸ್ತರಿಯ ಒಂದು ಮೂಲೆ ಕಿತ್ತೆ. ಒಳಗೆ ಬೆರಳಿಟ್ಟೆ. ಬೆರಳು ಅಂಟಿಕೊಂಡಿತು. ಬಿಡಿಸಿಕೊಳ್ಳುವಾಗ ಅಲ್ಲಿ ನನ್ನ ಬೆರಳಚ್ಚು ಉಳಿಯಿತು.

ಬಟ್ಟೆಯ ಹಿಂದೆ ಹಸಿ ರೆಸಿನ್ನಿನ ವಿಷ ಮುಚ್ಚಿ, ಅದರೊಳಗೆ ಅವಳ ಮುಖ ಇಟ್ಟಿದ್ದೇನೆ.

ಹೇಳಬೇಕು. ಹೇಳಿದರೆ ಅವಳ ನಾಟಕ ನಿಲ್ಲುತ್ತದೆ, ನನ್ನ ಕೆಲಸವೂ. ಮೂಗಿಲ್ಲದ ಮುಖವಾಡದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಸುಮ್ಮನಿದ್ದರೆ ಶನಿವಾರ ಅವಳು ಮತ್ತೆ ಆ ಅಟ್ಟಣೆ ಹತ್ತುತ್ತಾಳೆ. ಅವಳಲ್ಲದಿದ್ದರೆ ಇನ್ನೊಬ್ಬಳು.

ನವೆಂಬರ್ 22, ಶುಕ್ರವಾರ

ತಲೆ ಹಿಡಿದುಕೊಂಡು ನೇರ ವೇದಿಕೆಗೇ ಹೋದೆ. ಎಲ್ಲರೂ ಇದ್ದರು.

“ಈ ತಲೆ ಯಾರೂ ಹಾಕ್ಕೊಳ್ಳೋ ಹಾಗಿಲ್ಲ. ಒಳಗೆ ಒಣಗಿಲ್ಲ. ನನಗೆ ವಾಸನೆ ಗೊತ್ತಾಗ್ತಿಲ್ಲ.”

ಇನ್ನೊಂದ್ಸಲ ಕಣ್ಣು ಮುಚ್ಚಿ ಉಸಿರು ಬಿಟ್ಟ. “ಅಜ್ಜಾ, ನಾಳೆ ಪ್ರದರ್ಶನ. ಇವತ್ತು ಬೇಡ.”

“ತಮಾಷೆ ಅಲ್ಲ.”

“ನೀವು ತಮಾಷೆ ಅಲ್ಲ ಅಂದಾಗ್ಲೇ ನಂಗೆ ಹೆಚ್ಚು ಭಯ. ಹೋದ ವರ್ಷ ಚಾವಣಿ ಬಿರುಕು ಬಿಟ್ಟಿದೆ ಅಂತ ಬಣ್ಣದಲ್ಲಿ ಬಿರುಕು ಬರೆದಿದ್ರಿ. ನಾನು ಎಂಜಿನಿಯರ್ ಕರೆಸಿದ್ದೆ.”

ಯಾರೋ ಕಿಸಕ್ಕೆಂದರು. ಅಸ್ತರಿ ಎತ್ತಿ ತೋರಿಸಿದೆ. ಅವನು ದೂರದಿಂದಲೇ ನೋಡಿ, “ಈಗ ಸವರಿ ತಂದಿದೀರಿ” ಎಂದ. ಆಮೇಲೆ ದನಿ ತಗ್ಗಿಸಿ, ಮೆದುವಾಗಿಯೇ, “ನಂಗೆ ಅರ್ಥ ಆಗುತ್ತೆ. ಮೊನ್ನೆ ಸೊಸೆ ಎಡವಿದಳು. ಅವಳ ಮಾನ ಉಳಿಸೋಕೆ ತಪ್ಪನ್ನ ತಲೆ ಮೇಲೆ ಹಾಕ್ತಿದೀರಿ. ಬೇಡ. ಅವಳಿಗೆ ಆಗದಿದ್ರೆ ಇನ್ನೊಬ್ಳು ಹಾಕ್ಕೋತಾಳೆ” ಎಂದ.

ಸೊಸೆ ನೆಲ ನೋಡುತ್ತಿದ್ದಳು. ಆ ಇನ್ನೊಬ್ಬಳು ಕೈ ಚಾಚಿಯೂ ಬಿಟ್ಟಳು. ನಾನು ತಲೆಯನ್ನು ಎದೆಗವುಚಿಕೊಂಡೆ.

ಹಿಂದಿನಿಂದ ಜೋಕೆಮ್ಮ ಬಂದು ನನ್ನ ಮುಂದೆ ನಿಂತಳು. “ಕೊಡಿ ಅಜ್ಜ. ಇದು ಯಾರ ತಲೆ ಮೇಲೂ ಹೋಗಲ್ಲ.”

“ನೀವು ಇವರನ್ನ ನಂಬ್ತೀರಾ?” ಎಂದ ಇನ್ನೊಂದ್ಸಲ. “ಬಂದ ದಿನಾನೇ ಇವರು ನಿಮಗೆ ಬೆರಳು ಕೊಟ್ರು.”

“ಹೌದು. ಆ ಬೆರಳಿಗೂ ನಾನು ಗಾಡಿ ಹೊರಡಿಸಿದ್ದೆ. ನಿಜ ಇದ್ರೆ ಅಂತ ಹೊರಡೋದೇ ನನ್ನ ಕೆಲಸ. ಸುಳ್ಳಾದ್ರೆ ನಕ್ಕು ವಾಪಸ್ ಬರೋದು.”

“ಅವರ ಮೂಗಿಗೆ ಏನೂ ಆಗಿಲ್ಲ ಮೇಡಂ” ಎಂದ ಇನ್ನೊಂದ್ಸಲ.

ಆಗ ನನಗೆ ನೆನಪಾಯಿತು. ಮೊಳೆಯ ಕಡೆ ತಿರುಗಿದೆ. “ಲೋ, ನೀನು ನನ್ನ ಕೋಣೇಲಿ ಏನಿಟ್ಟಿದ್ದೆ?”

“ಗೊತ್ತಿಲ್ದೋರ ಹಾಗೆ ಕೇಳ್ತೀರಲ್ಲ ಅಜ್ಜ. ಎರಡು ವಾರದಿಂದ ಅದರ ಪಕ್ಕಾನೇ ಕೂತು ಊಟ ಮಾಡಿದ್ರಿ. ಇಡೀ ಮಂದಿರ ನಿಮ್ಮ ಸಹನೆಗೆ ಕೈಮುಗಿದಿದೆ.”

“ನಾನು ಹುಡುಕಿಲ್ಲ. ಎಲ್ಲಿದೆ?”

ಅವನ ಬಾಯಿಂದ ಮೊಳೆ ಬಿತ್ತು. ನಿಜವಾದ ಮೊಳೆ. “ಅಜ್ಜ... ನಿಜ ಹೇಳ್ತಿದೀರಾ?”

ಎಲ್ಲರೂ ಕೆಳಗಿಳಿದೆವು. ಗಾಜಿನ ಕಣ್ಣುಗಳನ್ನು ಇಡುವ ಕೆಳಗಿನ ಡ್ರಾಯರ್. ಅದನ್ನು ನಾನು ವರ್ಷಕ್ಕೊಮ್ಮೆ ತೆರೆಯುತ್ತೇನೆ. ಮೊಳೆ ಎಳೆದ. ತೂತು ಕೊರೆದ ಡಬ್ಬಿಯಲ್ಲಿ ಒಡೆದ ಮೊಟ್ಟೆಗಳು, ಹಸಿರು, ಕಪ್ಪು. ಮೇಣದ್ದಲ್ಲ. ಎಲ್ಲರೂ ಒಟ್ಟಿಗೆ ಗೋಡೆಗೆ ಸರಿದರು. ವಸ್ತ್ರದಾಕೆ ಹೊರಗೆ ಓಡಿದಳು. ಇನ್ನೊಂದ್ಸಲ ಅಂಗಿಯಲ್ಲಿ ಮುಖ ಹುದುಗಿಸಿದ. ನಾನು ಡಬ್ಬಿಯನ್ನು ಎತ್ತಿ ಮೂಗಿನ ಕೆಳಗೆ ಹಿಡಿದು ನಿಂತೆ. ಉಸಿರೆಳೆದೆ. ಮತ್ತೆ ಎಳೆದೆ.

ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲಿ ಇಷ್ಟು ಜನರ ಮುಂದೆ ನಿಂತು ಇಷ್ಟು ಮೌನ ಕೇಳಿದ್ದು ಇದೇ ಮೊದಲು.

“ಆವತ್ತೇ ನಂಗೆ ಗೊತ್ತಾಗ್ಬೇಕಿತ್ತು” ಎಂದಳು ಜೋಕೆಮ್ಮ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಿದಳು. ಗೋಡೆಯ ತೂತಿನಿಂದ ಟವೆಲ್ ಎಳೆದು ಫ್ಯಾನ್ ಹಾಕಿದಳು. ಆ ಸದ್ದಿಗೆ ಇನ್ನೊಂದ್ಸಲ ಏನೂ ಅನ್ನಲಿಲ್ಲ.

ಸೊಸೆ ಮಾತ್ರ ಹತ್ತಿರ ಬಂದಳು. “ಮಾವ, ಹಾಗಾದ್ರೆ ನನ್ನ ಕಾಫಿ ಚೆನ್ನಾಗೇ ಇತ್ತಾ?”

“ಇದ್ದಿರಬೇಕು ಕಣಮ್ಮ.”

“ತಾಲೀಮಲ್ಲಿ ನಂದೇ ತಪ್ಪು ಅನ್ಕೊಂಡಿದ್ದೆ.”

ನನಗೆ ಒಂದು ಚಟಾಕಿಯೂ ಹೊಳೆಯಲಿಲ್ಲ.

ನವೆಂಬರ್ 23, ಶನಿವಾರ

ಪ್ರದರ್ಶನ ನಾಳೆಗೆ ಹೋಗಿದೆ. ಬೆತ್ತ ಬಗ್ಗಿಸಿ ಹೊಸ ತಲೆ ಕಟ್ಟುತ್ತಿದ್ದೇವೆ. ಮೇಲೆ ಸೆಣಬಿನ ಎಳೆ, ಎಲ್ಲವೂ ಹೊಲಿಗೆ, ಒಂದು ಹನಿ ಅಂಟೂ ಇಲ್ಲ. ಕರಡಿಯ ತಲೆ ಸೊಸೆಯ ತಲೆಯ ಮೇಲೆ ಕೂರುತ್ತದೆ, ಅವಳ ಮುಖ ಅದರ ಗಂಟಲ ಕೆಳಗೆ ತೆರೆದಿರುತ್ತದೆ. ಮೊಳೆ ಬೆತ್ತ ಹಿಡಿದ, ವಸ್ತ್ರದಾಕೆ ಹೊಲಿದಳು. ಹಿತ್ತಿಲ ಕಡೆಯ ಶೆಡ್ಡಿನಲ್ಲಿ, ಎರಡೂ ಕಿಟಕಿ ತೆರೆದುಕೊಂಡು. ಜೋಕೆಮ್ಮ ಆ ಜಾಗ ಕೊಡಿಸಿದಳು. ಕೆಲಸ ಬಿಡುತ್ತೇನೆ ಎಂದಿದ್ದಕ್ಕೆ, “ಮೂಗು ಹೋದ್ರೆ ಕೈ ಇದೆಯಲ್ಲ. ವಾಸನೆ ನೋಡೋಕೆ ನಾವಿದೀವಿ” ಎಂದಳು.

ಎಳೆ ಕತ್ತರಿಸುವಾಗ ಧೂಳೇಳುತ್ತದೆ. ಆ ಡಬ್ಬಿಯ ಮುಖಗವಸು ಹಾಕಿಕೊಂಡೇ ಕೂತಿದ್ದೆ. ಅದರಲ್ಲಿ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಮೊಳೆ, ಇದನ್ನು ಮೊದಲೇ ಕಂಡುಹಿಡಿಯಬೇಕಿತ್ತು ಎಂದ.

ಒಂದು ಕಿವಿ ಓರೆಯಾಗಿದೆ. ಬಿಚ್ಚಿ ಕಟ್ಟಲು ಹೊತ್ತಿಲ್ಲ.

ನವೆಂಬರ್ 24, ಭಾನುವಾರ

ಓರೆ ಕಿವಿಗೆ ಮೊದಲು ಯಾರೋ ನಕ್ಕರು. ಆಮೇಲೆ ನಗಲಿಲ್ಲ. ಅಟ್ಟಣೆಯ ಮೇಲೆ, ಹಗ್ಗದ ಈಚೆ, ಕರಡಿಯ ಗಂಟಲೊಳಗಿಂದ ಅವಳು ಊರನ್ನು ನೋಡಿದಳು. ಕಣ್ಣಲ್ಲಿ ಒಂದು ಹನಿ ನೀರೂ ಇರಲಿಲ್ಲ. ಅದಕ್ಕೇ ನೋಡಿ ಸಹಿಸಲಾಗಲಿಲ್ಲ.

ಮುಗಿದ ಮೇಲೆ ಇನ್ನೊಂದ್ಸಲ “ಸಾಕು” ಎಂದ.

ನವೆಂಬರ್ 27, ಬುಧವಾರ

ಜೋಕೆಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ವರ್ಷಗಟ್ಟಲೆ ಘಾಟು ಕುಡಿದ ಮೂಗಿಗೆ ವಾಸನೆ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಅವರು. ಮೂಗು ಇರುವ ತನಕ ನೆಗಡಿ ತಪ್ಪದು ಎನ್ನುತ್ತಾರೆ. ನೆಗಡಿ ಮಾತ್ರ ತಪ್ಪದು, ಉಳಿದದ್ದು ಗ್ಯಾರಂಟಿ ಇಲ್ಲ ಎಂದೆ. ಡಾಕ್ಟರು ನಕ್ಕರು. ಜೋಕೆಮ್ಮ ಕೂಡ ನಕ್ಕಳು, ಮೊದಲ ಸಲ. ಸೊಸೆಯನ್ನೂ ಪರೀಕ್ಷಿಸಿದ್ದಾರೆ. ಅವಳು ಬೇಗ ಸರಿಹೋಗುತ್ತಾಳಂತೆ.

ಸಂಜೆ ಮನೆಯಲ್ಲಿ ಇಬ್ಬರೇ. ಅವಳು ಕಾಫಿ ತಂದಳು, ಎದುರಿಗೆ ಕೂತಳು.

“ಹೇಗಿದೆ ಮಾವ?”

ಬಾಯಿಗೆ ಬಂದದ್ದು ಹಳೆಯ ಮಾತೇ. ನುಂಗಿಕೊಂಡೆ.

“ಬಿಸಿ ಇದೆ. ಉಳಿದದ್ದು ನೀನೇ ಹೇಳು.”

ಅವಳು ತನ್ನ ಲೋಟ ಎತ್ತಿ ಉಸಿರೆಳೆದು, ಕಣ್ಣು ಕಿರಿದು ಮಾಡಿ ಯೋಚಿಸಿದಳು.

“ಹಾಲು ಸ್ವಲ್ಪ ಸೀದಿದೆ ಮಾವ. ಇವತ್ತು ನನ್ನ ಕೈಲೇ.”

ಇಬ್ಬರೂ ಕುಡಿದೆವು.